ಒಂಟಿ ಹೆಗಲಿನ ಹೊರೆಯೂ ನಮ್ಮ ಹೊಣೆಯೂ

ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡುವ ‘ಗೃಹಲಕ್ಷ್ಮಿ’ ಯೋಜನೆಯನ್ನು ಕರ್ನಾಟಕ ಸರಕಾರವು 2023ರ ಆಗಸ್ಟ್‌ನಲ್ಲಿ ಆರಂಭಿಸಿದಂದಿನಿಂದ ಅದರ ಪರ-ವಿರೋಧದ ಚರ್ಚೆ ನಿಂತಿಲ್ಲ. ಬೊಕ್ಕಸದ ಭಾರವನ್ನು ಕುರಿತು ವಾದಿಸುವವರೂ ಸ್ತ್ರೀಯರ ಘನತೆಯನ್ನು ಕುರಿತು ವಾದಿಸುವವರೂ ಒಬ್ಬಳನ್ನು ಮರೆತಂತಿದೆ. ಗಂಡನನ್ನು ಕಳೆದುಕೊಂಡು, ಇಲ್ಲವೇ ಅವನಿಂದ ಪರಿತ್ಯಕ್ತಳಾಗಿ, ಮಕ್ಕಳನ್ನು ಒಬ್ಬಳೇ ಸಲಹುತ್ತಿರುವ ತಾಯಿ ಅವಳು. ಆ ಹಣದಿಂದ ಅವಳ ಒಲೆ ಉರಿದೀತು. ಅದೊಂದರಿಂದಲೇ ಅವಳ ಸಂಸಾರ ಮತ್ತೆ ನೆಲೆ ಕಂಡೀತೇ?

ನೆಲೆ ಕಾಣಬೇಕಾದರೆ ಕೈಗೊಂದು ಕಸುಬು ಬೇಕು. ಅದಕ್ಕೆ ನಮ್ಮ ನಾಡಿನಲ್ಲಿ ದಾರಿ ಇಲ್ಲದಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಕೂಡಿ ‘ರುಡ್‌ಸೆಟ್’ ಸಂಸ್ಥೆಯನ್ನು ಕಟ್ಟಿದವು. ಊಟ-ವಸತಿಯೊಡನೆ ಉಚಿತವಾಗಿ ಕೆಲವು ವಾರಗಳ ತರಬೇತಿ ನೀಡುವುದು, ಬಳಿಕ ಸ್ವಉದ್ಯೋಗ ಆರಂಭಿಸುವವರೆಗೆ ಬೆನ್ನಿಗೆ ನಿಲ್ಲುವುದು ಅದರ ಕ್ರಮ. ಅದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರಕಾರವು ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಇಂಥ ಸಂಸ್ಥೆಗಳನ್ನು ತೆರೆಯಿಸಿತು. ಹೊಲಿಗೆ, ಆಹಾರ ತಯಾರಿ, ಹೈನುಗಾರಿಕೆ, ಕಂಪ್ಯೂಟರ್ ಮುಂತಾದುವನ್ನು ಅಲ್ಲಿ ಕಲಿಯಬಹುದು. 2023ರ ಜೂನ್‌ನಿಂದ ಸರಕಾರಿ ಬಸ್ಸಿನ ಪ್ರಯಾಣವೂ ಮಹಿಳೆಯರಿಗೆ ಉಚಿತ.

ಹಾಗಾದರೆ ತೊಡಕೆಲ್ಲಿ? ತರಬೇತಿಗೆ ಶುಲ್ಕವಿಲ್ಲ, ನಿಜ. ಆದರೆ ಒಂಟಿ ತಾಯಿಯ ಸಮಯಕ್ಕೆ ಬೆಲೆಯುಂಟು. ಆ ವಾರಗಳಲ್ಲಿ ಅವಳಿಗೆ ಬೀಡಿಯ ಮಜೂರಿಯಾಗಲಿ ಮನೆಗೆಲಸದ ಸಂಬಳವಾಗಲಿ ಇರುವುದಿಲ್ಲ. ನಾಲ್ಕು ವರ್ಷದ ಮಗುವನ್ನು ರಾತ್ರಿ ಯಾರ ಮಗ್ಗುಲಲ್ಲಿ ಮಲಗಿಸಬೇಕು? ಜ್ವರ ಬಂದರೆ ಆಸ್ಪತ್ರೆಗೆ ಯಾರು ಒಯ್ಯಬೇಕು? ಇಬ್ಬರಿರುವ ಮನೆಯಲ್ಲಿ ಒಬ್ಬರು ಕಲಿಯಲು ಹೊರಟರೆ ಇನ್ನೊಬ್ಬರು ಮನೆ ಕಾಯುತ್ತಾರೆ. ಇಲ್ಲಿ ಆ ಇನ್ನೊಬ್ಬರೇ ಇಲ್ಲ. ಪತ್ನಿಯನ್ನು ಕಳೆದುಕೊಂಡು ಮಕ್ಕಳನ್ನು ಸಾಕುವ ತಂದೆಯ ಕಷ್ಟವೂ ಇದೇ. ಅರ್ಜಿ ತುಂಬಿ ಕೊಟ್ಟ ಮೇಲೂ ತರಬೇತಿಗೆ ಹೋಗದವರನ್ನು ಆಲಸಿಗಳೆಂದು ಹಳಿಯುವ ಮುನ್ನ ನಾವು ಇದನ್ನು ವಿಚಾರಿಸಬೇಕು.

ಮತ್ತೊಂದು ತೊಡಕು ನಮ್ಮ ನಾಲಗೆಯದು. 2015ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಅವಿವಾಹಿತ ತಾಯಿಯೊಬ್ಬಳ ಮೊಕದ್ದಮೆಯಲ್ಲಿ, ಮಗುವಿನ ತಂದೆಗೆ ನೋಟೀಸು ನೀಡದೆಯೂ ಆಕೆ ಪಾಲಕತ್ವ ಕೋರಬಹುದೆಂದು ತೀರ್ಪಿತ್ತಿತು. ಆಕೆ ಕ್ರೈಸ್ತ ಮಹಿಳೆಯಾಗಿದ್ದಳೆಂಬುದನ್ನು ನಾವು ನೆನಪಿಡಬೇಕು. ಕಾನೂನು ಅಷ್ಟು ದೂರ ಸಾಗಿದೆ. ನಾವಾದರೋ ಚರ್ಚಿನ ಅಂಗಳದಲ್ಲಿ ನಿಂತು ‘ಅವಳ ಗಂಡ ಎಲ್ಲಿ?’ ಎಂದು ಇಂದಿಗೂ ಪಿಸುಗುಟ್ಟುತ್ತಿದ್ದೇವೆ. ಈ ಪಿಸುಮಾತಿಗೆ ಅಂಜಿಯೇ ಎಷ್ಟೋ ತಾಯಂದಿರು ನೆರವು ಕೇಳುವುದಿಲ್ಲ.

ಹನ್ನೆರಡನೆಯ ಶತಮಾನದ ಯೆಹೂದಿ ತತ್ವಜ್ಞಾನಿ ಮೈಮೋನಿಡೀಸ್ ದಾನವನ್ನು ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿದನು. ಕಷ್ಟದಲ್ಲಿರುವವನಿಗೆ ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಒದಗಿಸಿ, ಅವನು ಮುಂದೆ ಇನ್ನೊಬ್ಬರ ಮುಂದೆ ಕೈಯೊಡ್ಡದಂತೆ ಮಾಡುವುದೇ ಆತನ ಲೆಕ್ಕದಲ್ಲಿ ಅತ್ಯುನ್ನತ ಮೆಟ್ಟಿಲು. ನಮ್ಮಲ್ಲಿ ಕ್ರಿಸ್ಮಸ್ ಹೊತ್ತಿಗೆ ಅಕ್ಕಿಯ ಚೀಲ ಕೊಡುವವರಿಗೆ ಕೊರತೆಯಿಲ್ಲ. ಅದು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಅದು ಕೆಳಗಿನ ಮೆಟ್ಟಿಲು.

1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡೆರಿಕ್ ಓಝಾನಾಂ ಮತ್ತು ಸಂಗಡಿಗರು ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಯನ್ನು ಆರಂಭಿಸಿದಾಗ ಬಡವರ ಮನೆಗೇ ಹೋಗಿ ಅವರ ಜತೆ ಕುಳಿತು ಮಾತಾಡುವುದನ್ನು ತಮ್ಮ ಮುಖ್ಯ ಕಾರ್ಯವನ್ನಾಗಿ ಮಾಡಿಕೊಂಡರು. ನಮ್ಮ ವಾರ್ಡುಗಳಿಗೂ ಇದೇ ಮಾದರಿ. ಒಬ್ಬ ತಾಯಿ ತರಬೇತಿಗೆ ಹೊರಟರೆ ಮೂರು ನಾಲ್ಕು ಕುಟುಂಬಗಳು ಸರದಿಯಂತೆ ಅವಳ ಮಕ್ಕಳನ್ನು ನೋಡಿಕೊಳ್ಳಲಿ. ಆ ವಾರಗಳ ದಿನಸಿಯನ್ನು ವಾರ್ಡು ಸದ್ದಿಲ್ಲದೆ ವಹಿಸಿಕೊಳ್ಳಲಿ. ಬ್ಯಾಂಕಿನ ಅರ್ಜಿ ಬರೆಯಲು ಬಲ್ಲವರು ಜತೆಗೆ ಹೋಗಲಿ. ಅವಳು ಮರಳಿ ಬಂದಾಗ ನಮ್ಮ ಮನೆಯ ಪ್ರಥಮ ಪರಮಪ್ರಸಾದದ ಉಡುಪನ್ನು ಅವಳ ಕೈಯಲ್ಲೇ ಹೊಲಿಸೋಣ. ಚೌಕಾಶಿ ಮಾಡದೆ ಪೂರ್ಣ ಮಜೂರಿ ಕೊಡೋಣ.

ಇವಾವುವೂ ಹೆಚ್ಚು ಹಣ ಬೇಡುವ ಕೆಲಸಗಳಲ್ಲ. ನಮ್ಮ ವಾರ್ಡಿನಲ್ಲಿ ಇಂಥ ಮನೆ ಯಾವುದೆಂಬುದು ನಮಗೆಲ್ಲ ತಿಳಿದೇ ಇದೆ. ಮುಂದಿನ ವಾರ್ಡು ಸಭೆಯಲ್ಲಿ ಆ ಮನೆಯ ಕಥೆಯನ್ನು ಕೆದಕದೆ, ‘ಮಕ್ಕಳನ್ನು ಯಾರು ನೋಡಿಕೊಳ್ಳುವಿರಿ?’ ಎಂಬ ಒಂದೇ ಪ್ರಶ್ನೆ ಕೇಳಿಬರಲಿ ಎಂಬುದು ನಮ್ಮ ಕಳಕಳಿಯ ವಿನಂತಿ.