ಗಣಕಯಂತ್ರದ ಕಣ್ಣು

ನಮ್ಮ ಶಾಲೆಯ ಗಣಕಯಂತ್ರವು ಬಹಳ ಹಳೆಯದು. ಅದನ್ನು ದಾನವಾಗಿ ಇತ್ತ ಮಹನೀಯರು ಅದರೊಡನೆ ಕ್ಯಾಮೆರಾವನ್ನು ಕೊಟ್ಟಿರಲಿಲ್ಲ. ಕಳೆದ ವರ್ಷದ ರಾಜ್ಯೋತ್ಸವದಂದು ನಮ್ಮ ಎಂಟನೆಯ ತರಗತಿಯ ಮಕ್ಕಳು ಮಾಡುವ ಪದ್ಯವಾಚನವನ್ನು ವಿಜಯಪುರ ಜಿಲ್ಲೆಯ ನಮ್ಮೂರ ಶಾಲೆಯವರೂ ಕುಳಿತಲ್ಲಿಯೇ ನೋಡಬೇಕೆಂದು ನಿಶ್ಚಯವಾದಾಗ ಸಣ್ಣದೊಂದು ವೆಬ್‌ಕ್ಯಾಮೆರಾವನ್ನು ಕೊಂಡು ತಂದೆವು. ನಿಮ್ಮಲ್ಲಿ ಹಲವರ ಅಜ್ಜ ಅಜ್ಜಿಯರು ಆ ಸೀಮೆಯವರೇ. ಮೊಮ್ಮಕ್ಕಳ ಮುಖ ನೋಡಲು ಅವರಲ್ಲಿ ಕೆಲವರು ಅಂದು ಆ ಶಾಲೆಗೆ ಬರುವವರಿದ್ದರು. ಹಬ್ಬಕ್ಕೆ ನಾಲ್ಕು ದಿನ ಮೊದಲು ತಂತಿಯನ್ನು ಯಂತ್ರಕ್ಕೆ ಸಿಕ್ಕಿಸಿದೆವು. ಚಿತ್ರ ಮೂಡಲಿಲ್ಲ. ಕರಿಯ ಪರದೆಯೊಂದೇ ಕಂಡಿತು.

ಪೇಟೆಯ ರಿಪೇರಿ ಅಂಗಡಿಯವರೊಬ್ಬರನ್ನು ಕೇಳಿದೆವು. ಅವರು ಯಂತ್ರವನ್ನು ಮುಟ್ಟಿಯೂ ನೋಡದೆ, “ಇದರಲ್ಲಿರುವುದು ಲಿನಕ್ಸ್. ಇದರಲ್ಲಿ ಕ್ಯಾಮೆರಾ ನಡೆಯುವುದಿಲ್ಲ. ಹೊಸದನ್ನೇ ಕೊಂಡುಬಿಡಿ ಮಾಸ್ತರೆ” ಎಂದರು. ಕೊಳ್ಳಲು ಹಣವಿದ್ದಿದ್ದರೆ ಈ ಲೇಖನವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಹಣವಿಲ್ಲದಿದ್ದುದೇ ಒಳ್ಳೆಯದಾಯಿತೆಂದು ಈಗ ನಮಗೆ ತೋರುತ್ತದೆ.

ಮರುದಿನ ಇಬ್ಬರು ವಿದ್ಯಾರ್ಥಿನಿಯರನ್ನು ಕರೆದು, ನಮಗೂ ತಿಳಿಯದ ವಿಷಯವಿದು, ಕೂಡಿಯೇ ನೋಡೋಣ ಎಂದೆವು. ವೈದ್ಯನು ಮೊದಲು ನಾಡಿಯನ್ನು ಹಿಡಿಯುವಂತೆ ನಾವು ಯಂತ್ರವನ್ನೇ ಪ್ರಶ್ನಿಸತೊಡಗಿದೆವು. ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದು ಎಲ್-ಎಸ್-ಯು-ಎಸ್-ಬಿ ಎಂಬ ಐದಕ್ಷರದ ಆಜ್ಞೆಯನ್ನು ಬರೆದರೆ, ಯು.ಎಸ್.ಬಿ. ತಂತಿಗಳಿಂದ ಜೋಡಿಸಿದ ಉಪಕರಣಗಳ ಪಟ್ಟಿಯನ್ನು ಯಂತ್ರವು ಒಪ್ಪಿಸುತ್ತದೆ. ಅದರಲ್ಲಿ ನಮ್ಮ ಕ್ಯಾಮೆರಾದ ಹೆಸರಿತ್ತು. ಎಂದ ಮೇಲೆ ತಂತಿ ಕೆಟ್ಟಿಲ್ಲ, ಕ್ಯಾಮೆರಾ ಸತ್ತಿಲ್ಲ. ಬಳಿಕ ‘ಡೆವ್’ ಎಂಬ ಕಡತಕೋಶವನ್ನು ನೋಡಿದೆವು. ಲಿನಕ್ಸಿನಲ್ಲಿ ಉಪಕರಣಗಳೂ ಕಡತಗಳ ರೂಪದಲ್ಲಿಯೇ ಕಾಣಿಸಿಕೊಳ್ಳುತ್ತವೆ. ಅಲ್ಲಿ ‘ವಿಡಿಯೋ ಸೊನ್ನೆ’, ‘ವಿಡಿಯೋ ಒಂದು’ ಎಂದು ಎರಡು ಹೆಸರುಗಳಿದ್ದವು. ಇರುವ ಕ್ಯಾಮೆರಾ ಒಂದು, ಹೆಸರು ಎರಡು! ವಿದ್ಯಾರ್ಥಿನಿಯೊಬ್ಬಳು ‘ಒಂದ’ನ್ನು ತೆರೆದಳು, ಏನೂ ಬರಲಿಲ್ಲ. ಅದು ಚಿತ್ರದ ದಾರಿಯಲ್ಲವೆಂದೂ, ಚಿತ್ರದೊಡನೆ ಬರುವ ಇತರ ಮಾಹಿತಿಗೆ ಮೀಸಲಾದುದೆಂದೂ ಆಮೇಲೆ ಓದಿ ತಿಳಿದೆವು. ‘ಸೊನ್ನೆ’ಯನ್ನು ತೆರೆದಾಗ, ಉಪಕರಣವು ಬೇರೊಂದು ಕೆಲಸದಲ್ಲಿದೆ ಎಂಬ ಉತ್ತರ ಬಂದಿತು. ನಿಜವಾದ ರೋಗವು ಸಿಕ್ಕಿದುದು ಇಲ್ಲಿಯೇ. ಹಿಂದಿನ ದಿನ ಪ್ರಯೋಗಕ್ಕೆಂದು ತೆರೆದಿದ್ದ ಸಭೆಯ ಕಿಟಕಿಯೊಂದು ಹಿಂದೆ ಅಡಗಿ ಕುಳಿತು ಕ್ಯಾಮೆರಾವನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಸಾಮಾನ್ಯವಾಗಿ ಎರಡು ತಂತ್ರಾಂಶಗಳು ಒಂದೇ ಕ್ಯಾಮೆರಾವನ್ನು ಏಕಕಾಲಕ್ಕೆ ಬಳಸಲಾರವು. ಆ ಕಿಟಕಿಯನ್ನು ಮುಚ್ಚಿದೊಡನೆ ‘ಚೀಸ್’ ಎಂಬ ತಂತ್ರಾಂಶದಲ್ಲಿ ನಮ್ಮ ಮೂವರ ಮುಖಗಳೂ ಮೂಡಿದುವು. (ಚಿತ್ರ ತೆಗೆಯುವಾಗ ಜನರನ್ನು ನಗಿಸಲು ಇಂಗ್ಲಿಷರು ಹೇಳಿಸುವ ಮಾತೇ ಇದರ ಹೆಸರು. ನಮಗಂತೂ ಹೇಳಿಸದೆಯೇ ನಗು ಬಂದಿತ್ತು.) ತಪ್ಪು ಯಂತ್ರದ್ದಲ್ಲ, ಲಿನಕ್ಸಿನದೂ ಅಲ್ಲ, ನಮ್ಮದೇ.

ಇನ್ನೊಂದು ತೊಡಕು ಉಳಿದಿತ್ತು. ಚಿತ್ರವನ್ನು ದೊಡ್ಡದು ಮಾಡಿದರೆ ಅದು ಕುಂಟುತ್ತಿತ್ತು. ಇದಕ್ಕೆ ಉತ್ತರವು ನಿಮ್ಮ ಗಣಿತದ ಪುಸ್ತಕದಲ್ಲಿಯೇ ಇದೆ. ಅಡ್ಡಕ್ಕೆ 640, ಎತ್ತರಕ್ಕೆ 480 ಚುಕ್ಕೆಗಳ ಚಿತ್ರದಲ್ಲಿ 3,07,200 ಚುಕ್ಕೆಗಳು. ಕ್ಯಾಮೆರಾವು ಚುಕ್ಕೆಯೊಂದಕ್ಕೆ 2 ಬೈಟಿನಂತೆ ಸೆಕೆಂಡಿಗೆ 30 ಚಿತ್ರಗಳನ್ನು ಕಳುಹಿಸಿದರೆ 1,84,32,000 ಬೈಟುಗಳಾದುವು. ಅದೇ 1280ಕ್ಕೆ 720ರ ಚಿತ್ರವಾದರೆ 5,52,96,000 ಬೈಟು, ಅಂದರೆ 44 ಕೋಟಿಗೂ ಮಿಕ್ಕಿ ಬಿಟ್ಟುಗಳು. ಹಳೆಯ ಯು.ಎಸ್.ಬಿ. 2.0 ತಂತಿಯ ಮೇರೆ ಲೆಕ್ಕಕ್ಕೆ ಸೆಕೆಂಡಿಗೆ 48 ಕೋಟಿ ಬಿಟ್ಟು. ನಡೆಯಲ್ಲಿ ಅಷ್ಟು ದೊರೆಯದು. ಆದುದರಿಂದ ಚಿತ್ರಗಳನ್ನು ಒತ್ತಿ ಕಿರಿದುಗೊಳಿಸಿ ಕಳುಹಿಸುವ ‘ಎಂ-ಜೆಪೆಗ್’ ಕ್ರಮವನ್ನು ಆರಿಸಿದೆವು. ಕುಂಟುವುದು ನಿಂತಿತು. ಗುಣಾಕಾರದಿಂದ ಏನು ಪ್ರಯೋಜನವೆಂದು ಕೇಳುವ ಹಿಂದಿನ ಬೆಂಚಿನ ಮಿತ್ರರು ಇದನ್ನು ಗಮನಿಸಬೇಕು.

ನಾವು ವಾಸಿಸುವುದು ತಳೇಗಾಂವ ದಾಭಾಡೆಯಲ್ಲಿ. ದಿನವೂ ಲೋಕಲ್ ಗಾಡಿಯಲ್ಲಿ ಪುಣೆಗೆ ಬಂದು ಹೋಗುತ್ತೇವೆ. ಅಂದು ಸಂಜೆ ಊರಿನ ನಿಲ್ದಾಣದಲ್ಲಿ ಇಳಿದಾಗ ಅಲ್ಲಿಯ ಗಾಜಿನ ಕಾರ್ಖಾನೆಯ ಕಥೆ ನೆನಪಾಯಿತು. ಅಂತಾಜಿ ದಾಮೋದರ ಕಾಳೆಯವರು ಒಬ್ಬೊಬ್ಬರಿಂದ ಒಂದೊಂದು ಪೈಸೆಯನ್ನು ಕೂಡಿಸುವ ‘ಪೈಸಾ ಫಂಡ್’ ಎಂಬ ನಿಧಿಯನ್ನು ಆರಂಭಿಸಿದರು. ಲೋಕಮಾನ್ಯ ಟಿಳಕರು ಅದಕ್ಕೆ ಬೆಂಬಲವಿತ್ತರು. ಆ ನಿಧಿಯಿಂದ 1908ರಲ್ಲಿ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ತಲೆಯೆತ್ತಿತು. ಗಾಜು ಮಾಡುವ ವಿದ್ಯೆಯನ್ನು ನಾಡಿನ ತರುಣರು ತಾವೇ ಕಲಿಯಬೇಕೆಂಬುದು ಅವರ ಹಟವಾಗಿತ್ತು.

ನಮ್ಮ ಕ್ಯಾಮೆರಾವನ್ನು ನಡೆಸಿದುದೂ ಇಂಥದೇ ಒಂದು ಪೈಸೆಯ ನಿಧಿ. ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಲಿನಕ್ಸಿನ ತಿರುಳನ್ನು ಬರೆದು ಎಲ್ಲರ ಮುಂದಿಟ್ಟನು. ಅದನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಕ್ಯಾಮೆರಾಗಳನ್ನು ತಯಾರಿಸುವವರಲ್ಲಿ ಹಲವರು ಆ ಕಾಲದಲ್ಲಿ ಲಿನಕ್ಸಿಗೆ ಬೇಕಾದ ಚಾಲಕ ತಂತ್ರಾಂಶವನ್ನು ಕೊಡುತ್ತಿರಲಿಲ್ಲ. ಅಂಗಡಿಯವರ ಮಾತು ಒಂದು ಕಾಲಕ್ಕೆ ಪೂರ್ತಿ ಸುಳ್ಳಾಗಿರಲಿಲ್ಲವೆಂದು ಒಪ್ಪೋಣ. ಆಗ ಫ್ರಾನ್ಸಿನ ವೈದ್ಯರೊಬ್ಬರು ರೋಗಿಗಳನ್ನು ನೋಡಿ ಉಳಿದ ವೇಳೆಯಲ್ಲಿ ಕುಳಿತು ಇನ್ನೂರಕ್ಕೂ ಹೆಚ್ಚು ಬಗೆಯ ಕ್ಯಾಮೆರಾಗಳಿಗೆ ಚಾಲಕವನ್ನು ಬರೆದರು. ಮುಂದೆ ಎಲ್ಲ ತಯಾರಕರಿಗೂ ಸಮಾನವಾದ ಯು.ವಿ.ಸಿ. ಎಂಬ ನಿಯಮ ಬಂದಿತು. ಅದಕ್ಕೆ ಲೊರಾಂ ಪಿನ್‌ಶಾರ್ ಎಂಬವರು ಬರೆದ ಚಾಲಕವು 2008ರಲ್ಲಿ ಲಿನಕ್ಸಿನ ತಿರುಳಿಗೇ ಸೇರಿತು. ಇಂದು ಅಂಗಡಿಯಲ್ಲಿ ದೊರೆಯುವ ಬಹುತೇಕ ವೆಬ್‌ಕ್ಯಾಮೆರಾಗಳು ಯಾವ ಸೀಡಿಯನ್ನೂ ಬೇಡದೆ ಸಿಕ್ಕಿಸಿದೊಡನೆ ನಡೆಯುವುದು ಇದರ ಫಲ.

ಇದೆಲ್ಲ ಇಂಗ್ಲಿಷ್ ಶಾಲೆಯವರ ವಿದ್ಯೆ, ನಮಗೆಲ್ಲಿ ಬಂದೀತು ಎಂದು ನಿಮ್ಮಲ್ಲಿ ಒಬ್ಬನು ಅಂದುದು ನಮ್ಮ ಕಿವಿಗೆ ಬಿದ್ದಿದೆ. ಮೆಟ್ರಿಕ್‌ವರೆಗೆ ಕನ್ನಡದಲ್ಲಿಯೇ ಓದಿದ ನಾವೂ ಬಹಳ ವರ್ಷ ಹಾಗೆಯೇ ನಂಬಿ ಯಂತ್ರದಿಂದ ದೂರ ನಿಂತಿದ್ದೆವು. ಕಾಸರಗೋಡಿನ ನಿಮ್ಮ ಓರಗೆಯವರನ್ನು ನೋಡಿರಿ. ಕೇರಳದ ಸರಕಾರಿ ಶಾಲೆಗಳ ಗಣಕಗಳಲ್ಲಿ ಇರುವುದು ಈ ಲಿನಕ್ಸೇ. ಅಲ್ಲಿಯ ಗಣಕ ಪಾಠದ ಪುಸ್ತಕವು ಕನ್ನಡದಲ್ಲಿಯೂ ಅಚ್ಚಾಗುತ್ತದೆ. ಆ ರಾಜ್ಯವು ನಡೆಸಿದ ಹೈಟೆಕ್ ಶಾಲಾ ಯೋಜನೆಯಲ್ಲಿ 45,000 ತರಗತಿಯ ಕೋಣೆಗಳು ಸಜ್ಜಾದುವು. ಶಾಲೆಗಳಿಗೆ ಕೊಟ್ಟ ಸಲಕರಣೆಗಳಲ್ಲಿ ವೆಬ್‌ಕ್ಯಾಮೆರಾಗಳೂ ಇದ್ದುವು. ಕನ್ನಡ ಮಾಧ್ಯಮದ ಮಕ್ಕಳು ಅಲ್ಲಿ ಮಾಡುವುದನ್ನು ಪುಣೆಯ ಕನ್ನಡ ಮಕ್ಕಳು ಮಾಡಲಾರರೆ?

ರಾಜ್ಯೋತ್ಸವದಂದು ಪದ್ಯವಾಚನವು ಸಾಂಗವಾಗಿ ನಡೆಯಿತು. ಆ ಕಡೆಯ ಧ್ವನಿ ಮೊದಲ ಐದು ನಿಮಿಷ ಕೇಳಿಸಲಿಲ್ಲ. ಕ್ಯಾಮೆರಾದ ಮೈಕನ್ನು ಪರೀಕ್ಷಿಸಿದ ನಾವು ಸ್ಪೀಕರನ್ನು ಮರೆತಿದ್ದೆವು. ಅಜ್ಜಿಯೊಬ್ಬರು ಪರದೆಯ ಹತ್ತಿರಕ್ಕೆ ಬಂದು ಮೊಮ್ಮಗನ ಹೆಸರು ಹಿಡಿದು ಕೂಗಿ, “ಯಾಕೋ ಇಷ್ಟು ಸೊರಗಿ?” ಎಂದು ಕೇಳಿದುದು ಎಲ್ಲರಿಗೂ ಕೇಳಿಸಿತು.

ಈಗ ಹೊಸ ಗಣಕವನ್ನು ಕೊಳ್ಳುವ ಮಾತು ಆಡಳಿತ ಮಂಡಳಿಯ ಮುಂದೆ ಬಂದಿದೆ. ಅದನ್ನು ಒಂದು ವರ್ಷ ಮುಂದೂಡಬೇಕೆಂದು ನಮ್ಮ ವಿನಂತಿ. ಅದರ ಬದಲು ಹಳೆಯ ಯಂತ್ರವಿರುವ ಕೋಣೆಯ ಬೀಗದ ಕೈಯು ಶನಿವಾರ ಮಧ್ಯಾಹ್ನ ಎಂಟನೆಯ ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ದೊರೆಯಲಿ. ಏನಾದರೂ ಕೆಟ್ಟರೆ ಹೊಣೆ ನಮ್ಮದು. ಮಕ್ಕಳಿಗೆ ನಮ್ಮ ಕರಾರು ಒಂದೇ: ಕೆಲಸ ಮುಗಿದ ಮೇಲೆ ಕ್ಯಾಮೆರಾದ ತಂತಿಯನ್ನು ಕಳಚಿ ಡಬ್ಬಿಯಲ್ಲಿಟ್ಟು ಹೋಗತಕ್ಕದ್ದು.