ಪೊಲೀಸರು ಸೈನಿಕನನ್ನು ಮುಟ್ಟುವಂತಿಲ್ಲವೇ? ಕೆಂಪು ಟೋಪಿಯವರ ಅಧಿಕಾರ ಮತ್ತು ಬೆಂಗಳೂರಿನಲ್ಲಿರುವ ಅವರ ಶಾಲೆ

‘ಸಮವಸ್ತ್ರದಲ್ಲಿರುವ ಯೋಧನ ಮೈ ಮುಟ್ಟುವ ಅಧಿಕಾರ ಯಾವ ಪೊಲೀಸರಿಗೂ ಇಲ್ಲ. ಕೆಂಪು ಟೋಪಿಯ ಮಿಲಿಟರಿ ಪೊಲೀಸರು ಮಾತ್ರ ಹಿಡಿಯಬಹುದು. ಅವರ ಮುಂದೆ ಕಮಿಷನರ್ ಕೂಡ ಸೆಲ್ಯೂಟ್ ಹೊಡೆಯಬೇಕು. ಹೆಮ್ಮೆ ಇದ್ದರೆ ಶೇರ್ ಮಾಡಿ.’

ರಜೆಯಲ್ಲಿ ಊರಿಗೆ ಬಂದ ಸೈನಿಕನಿಗೂ ಪೊಲೀಸರಿಗೂ ಎಲ್ಲಾದರೂ ಜಗಳವಾದ ಸುದ್ದಿ ಬಂತೆಂದರೆ ಸಾಕು, ಈ ಧಾಟಿಯ ಸಂದೇಶಗಳು ಫ್ಯಾಮಿಲಿ ಗ್ರೂಪುಗಳಿಗೆ ಬಂದು ಬೀಳುತ್ತವೆ. ಸೇನೆಯ ಮೇಲಿನ ಅಭಿಮಾನದಿಂದ ಜನ ಇದನ್ನು ಮುಂದಕ್ಕೆ ಕಳಿಸುತ್ತಾರೆ, ಅದರಲ್ಲಿ ಕೆಟ್ಟ ಉದ್ದೇಶವೇನಿಲ್ಲ. ಆದರೆ ಇದನ್ನು ನಂಬಿ ಯಾರಾದರೂ ಠಾಣೆಗೆ ದೂರು ಕೊಡಲು ಹೋಗದೆ ಸುಮ್ಮನಾದರೆ ನಷ್ಟ ಅವರಿಗೇ. ಹಾಗಾಗಿ ಈ ಸಂದೇಶದಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ನೋಡಲು ಹೊರಟೆವು. ನೋಡುತ್ತಾ ಹೋದಂತೆ ಈ ಕೆಂಪು ಟೋಪಿಯವರು ತಯಾರಾಗುವ ಶಾಲೆಯ ಕಥೆಯೇ ಹೆಚ್ಚು ಕುತೂಹಲಕರ ಅನಿಸಿತು.

ಮೊದಲು ಕಾನೂನು ನೋಡೋಣ. ಸೈನಿಕರಿಗೆ ಬಂಧನದಿಂದ ಒಂದು ರಕ್ಷಣೆ ಇರುವುದು ನಿಜ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 45ನೇ ಸೆಕ್ಷನ್‌ನಲ್ಲಿತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 42ನೇ ಸೆಕ್ಷನ್‌ನಲ್ಲಿದೆ. ಅದು ಹೇಳುವುದಿಷ್ಟೇ: ಸೈನಿಕನೊಬ್ಬ ತನ್ನ ಕರ್ತವ್ಯದ ಭಾಗವಾಗಿ ಮಾಡಿದ ಕೆಲಸಕ್ಕಾಗಿ ಅವನನ್ನು ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಬಂಧಿಸುವಂತಿಲ್ಲ. ‘ಕರ್ತವ್ಯದ ಭಾಗವಾಗಿ’ ಎಂಬ ಮಾತಿನ ಮೇಲೆಯೇ ಎಲ್ಲವೂ ನಿಂತಿದೆ. ಫಾರ್ವರ್ಡ್ ಬರೆದವರು ಆ ಮಾತನ್ನೇ ಬಿಟ್ಟಿದ್ದಾರೆ. ರಜೆಯಲ್ಲಿದ್ದಾಗ ಕುಡಿದು ಗಾಡಿ ಓಡಿಸಿದರೆ, ಹೆಂಡತಿಗೆ ಹೊಡೆದರೆ, ಜಮೀನಿನ ಜಗಳದಲ್ಲಿ ಯಾರದೋ ತಲೆ ಒಡೆದರೆ ಅದು ಕರ್ತವ್ಯವಲ್ಲ. ಅಂಥ ಪ್ರಕರಣದಲ್ಲಿ ನಮ್ಮೂರ ಠಾಣೆಯ ಪೊಲೀಸರು ಎಫ್‌ಐಆರ್ ಹಾಕಬಹುದು, ಬಂಧಿಸಲೂಬಹುದು. ಬಂಧಿಸಿದ ಮೇಲೆ ಅವನ ಘಟಕಕ್ಕೆ ತಿಳಿಸುತ್ತಾರೆ. ಮುಂದೆ ವಿಚಾರಣೆ ಮಾಮೂಲಿ ಕೋರ್ಟಿನಲ್ಲಿ ನಡೆಯಬೇಕೋ ಕೋರ್ಟ್ ಮಾರ್ಷಲ್‌ನಲ್ಲೋ ಎಂಬುದು ಬೇರೆ ಪ್ರಶ್ನೆ. ನಾಗರಿಕರೊಬ್ಬರ ಕೊಲೆ ಅಥವಾ ಅತ್ಯಾಚಾರದ ಆರೋಪವಿದ್ದರೆ, ಯುದ್ಧದಂಥ ಸೇವೆ, ವಿದೇಶ, ಗಡಿ ಠಾಣೆ ಬಿಟ್ಟು ಉಳಿದ ಕಡೆ ಕೋರ್ಟ್ ಮಾರ್ಷಲ್ ಆ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತೆಯೇ ಇಲ್ಲ. 1950ರ ಸೇನಾ ಕಾಯ್ದೆಯ 70ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳಿದೆ.

ಇನ್ನು ಕಮಿಷನರ್ ಸೆಲ್ಯೂಟ್ ಹೊಡೆಯುವ ವಿಷಯ. ಅದು ಸಿನಿಮಾದಲ್ಲಿ ಚೆನ್ನಾಗಿರುತ್ತದೆ.

ಹಾಗಾದರೆ ಮಿಲಿಟರಿ ಪೊಲೀಸರು ಯಾರು?

ಮೊದಲು ಗೊಂದಲಗಳನ್ನು ಬಿಡಿಸಿಕೊಳ್ಳೋಣ. ಬಿಹಾರದಲ್ಲಿ ತೀರಾ ಇತ್ತೀಚಿನವರೆಗೆ ‘ಬಿಹಾರ ಮಿಲಿಟರಿ ಪೊಲೀಸ್’ ಎಂಬ ಪಡೆ ಇತ್ತು. ಅದು ನಮ್ಮ ಕೆಎಸ್‌ಆರ್‌ಪಿ ಥರದ ರಾಜ್ಯ ಪೊಲೀಸ್ ಪಡೆ, ಸೇನೆಗೂ ಅದಕ್ಕೂ ಸಂಬಂಧವಿಲ್ಲ. 2021ರಲ್ಲಿ ಕಾಯ್ದೆ ತಂದು ಅದರ ಹೆಸರನ್ನೇ ಬದಲಿಸಿದರು. ಬೆಂಗಳೂರಿನವರಿಗೆ ಇನ್ನೊಂದು ಗೊಂದಲ: ಇಲ್ಲಿ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರವೂ ಇರುವುದರಿಂದ ಅವರ ಕಡುಗೆಂಪು ಟೋಪಿ ಕಂಡು ಮಿಲಿಟರಿ ಪೊಲೀಸ್ ಎಂದುಕೊಳ್ಳುವವರಿದ್ದಾರೆ. ತೋಳಿನ ಪಟ್ಟಿ ನೋಡಿ. ಕಪ್ಪು ಪಟ್ಟಿಯ ಮೇಲೆ ಕೆಂಪಿನಲ್ಲಿ ‘ಎಂಪಿ’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಮಿಲಿಟರಿ ಪೊಲೀಸ್. ‘ಆರ್‌ಪಿ’ ಎಂದಿದ್ದರೆ ಅವರು ರೆಜಿಮೆಂಟಲ್ ಪೊಲೀಸ್, ಅಂದರೆ ಆಯಾ ಘಟಕದ ಸೈನಿಕರೇ ಸ್ವಲ್ಪ ಕಾಲ ಗೇಟು, ಟ್ರಾಫಿಕ್ಕು ನೋಡಿಕೊಳ್ಳುವವರು.

ಸೇನೆಯೊಳಗಿನ ಈ ಪೊಲೀಸ್ ಪಡೆಯ ಪೂರ್ತಿ ಹೆಸರು ಕೋರ್ ಆಫ್ ಮಿಲಿಟರಿ ಪೊಲೀಸ್. ಎರಡನೇ ಮಹಾಯುದ್ಧದ ಹೊಸ್ತಿಲಲ್ಲಿ, 1939ರಲ್ಲಿ, ಇದರ ಮೊದಲ ತುಕಡಿ ಹುಟ್ಟಿತು. ಈಗಿನ ಹೆಸರು ಬಂದದ್ದು 1947ರಲ್ಲಿ. ತರಬೇತಿ ಕೇಂದ್ರ ಮೊದಲು ಉತ್ತರ ಪ್ರದೇಶದ ಫೈಜಾಬಾದಿನಲ್ಲಿತ್ತು, ಆಮೇಲೆ ಬೆಂಗಳೂರಿಗೆ ಬಂತು. ಗಣರಾಜ್ಯೋತ್ಸವದಂಥ ಸಂದರ್ಭಗಳಲ್ಲಿ ಬೈಕ್ ಸಾಹಸ ಮಾಡಿ ಚಪ್ಪಾಳೆ ಗಿಟ್ಟಿಸುವ ‘ಶ್ವೇತ ಅಶ್ವ’ ತಂಡ ಇವರದೇ. ಆ ಬೈಕುಗಳನ್ನು ನೋಡಿದವರಿಗೂ ಅವುಗಳ ಹಿಂದೆ ಒಂದು ಪೊಲೀಸ್ ಶಾಲೆ ಇದೆ ಎಂದು ಗೊತ್ತಿರುವುದು ಕಡಿಮೆ.

ಹಿಡಿಯಬಹುದು, ಶಿಕ್ಷಿಸುವಂತಿಲ್ಲ

ಶಾಲೆ ಯಾಕೆ ಬೇಕು ಎಂದು ತಿಳಿಯಲು ಸೇನಾ ಕಾಯ್ದೆಯ 107ನೇ ಸೆಕ್ಷನ್ ಓದಬೇಕು. ಅದು ಪ್ರೊವೋಸ್ಟ್ ಮಾರ್ಷಲ್ ಕುರಿತದ್ದು. ಬರೆಯುವುದು ‘ಪ್ರೊವೋಸ್ಟ್’, ಸೇನೆಯಲ್ಲಿ ಕರೆಯುವುದು ‘ಪ್ರೊವೋ’. ಸೇನೆಯಲ್ಲಿ ಶಿಸ್ತು ಕಾಪಾಡುವುದು, ಬಂಧನದಲ್ಲಿರುವವರನ್ನು ನೋಡಿಕೊಳ್ಳುವುದು, ತಪ್ಪು ಮಾಡಿದ ಸೈನಿಕರನ್ನು ಹಿಡಿದು ವಿಚಾರಣೆಗಾಗಿ ಇಟ್ಟುಕೊಳ್ಳುವುದು, ಇವಿಷ್ಟು ಅಧಿಕಾರವನ್ನು ಆ ಸೆಕ್ಷನ್ ಕೊಡುತ್ತದೆ. ಕೊಟ್ಟ ಬೆನ್ನಿಗೇ ಎರಡು ಕಡಿವಾಣ ಹಾಕುತ್ತದೆ. ಒಂದು, ತನ್ನ ಸ್ವಂತ ಅಧಿಕಾರದಿಂದ ಯಾವ ಶಿಕ್ಷೆಯನ್ನೂ ಕೊಡುವಂತಿಲ್ಲ. ಎರಡು, ಸೇನಾಧಿಕಾರಿಯೊಬ್ಬರನ್ನು ಬಂಧಿಸಬೇಕಾದರೆ ಇನ್ನೊಬ್ಬ ಅಧಿಕಾರಿಯ ಆದೇಶ ಬೇಕೇ ಬೇಕು.

ಫಾರ್ವರ್ಡಿನ ಚಿತ್ರಕ್ಕೂ ಇದಕ್ಕೂ ಎಷ್ಟು ದೂರ ನೋಡಿ. ಅಲ್ಲಿ ಕೆಂಪು ಟೋಪಿಯವನು ಎಲ್ಲ ಪೊಲೀಸರಿಗಿಂತ ದೊಡ್ಡವನು. ಕಾಯ್ದೆಯಲ್ಲಿ ಅವನು ಹಿಡಿದು ಒಪ್ಪಿಸುವವನು ಮಾತ್ರ. ನಿಮ್ಮಂಥ ನಮ್ಮಂಥ ನಾಗರಿಕರು ಸೇನಾ ಕಾಯ್ದೆಯ ವ್ಯಾಪ್ತಿಗೆ ಬರುವುದೇ ಇಲ್ಲ. ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದ ಸೈನಿಕನನ್ನು ಅವರು ನಿಲ್ಲಿಸಬಹುದು, ನಿಮಗೆ ದಂಡ ಹಾಕುವಂತಿಲ್ಲ.

ಈಗ ಯೋಚಿಸಿ. ಇಪ್ಪತ್ತೆರಡು ವರ್ಷದ ಹುಡುಗ. ಎದುರಿಗಿರುವವನು ತನ್ನಂತೆಯೇ ಸೈನಿಕ, ಬಹುಶಃ ವಯಸ್ಸಿನಲ್ಲೂ ಸೇವೆಯಲ್ಲೂ ಹಿರಿಯ, ಬಹುಶಃ ಕುಡಿದಿದ್ದಾನೆ, ಬಹುಶಃ ಕೈಯಲ್ಲಿ ಬಂದೂಕಿದೆ. ಇವನು ಅವನನ್ನು ತಡೆಯಬೇಕು, ಅವಮಾನಿಸಬಾರದು, ಹೊಡೆಯಬಾರದು, ಹೆದರಿ ಬಿಟ್ಟುಬಿಡಲೂಬಾರದು. ಇದು ಓಡುವುದರಿಂದ, ಹಗ್ಗ ಹತ್ತುವುದರಿಂದ ಬರುವ ವಿದ್ಯೆಯಲ್ಲ. ಪ್ರತ್ಯೇಕ ಶಾಲೆ ಇರುವುದು ಇದಕ್ಕೇ.

ಸಂಸ್ಥೆಯ ಹೆಸರಿನಲ್ಲೇ ‘ಸೆಂಟರ್’ ಮತ್ತು ‘ಸ್ಕೂಲ್’ ಎರಡೂ ಇವೆ. ಹೊಸದಾಗಿ ಸೇರಿದವರನ್ನು ಸೈನಿಕರನ್ನಾಗಿ ಮಾಡುವುದು ಸೆಂಟರಿನ ಕೆಲಸ, ಸೈನಿಕನನ್ನು ಪೊಲೀಸನನ್ನಾಗಿ ಮಾಡುವುದು ಸ್ಕೂಲಿನ ಕೆಲಸ. ಎರಡಕ್ಕೂ ಒಬ್ಬರೇ ಕಮಾಂಡೆಂಟ್. ಈ ಹುದ್ದೆಯ ಕಷ್ಟ ಇರುವುದು ಇಲ್ಲೇ ಎಂದು ನಮಗನಿಸುತ್ತದೆ. ಸೈನಿಕನಿಗೆ ಮೊದಲು ಕಲಿಸುವುದು ಆದೇಶ ಪಾಲಿಸುವುದನ್ನು. ಪೊಲೀಸನಿಗೆ ಕಲಿಸಬೇಕಾದದ್ದು ಈ ಆದೇಶ ಕಾನೂನಿಗೆ ಸರಿಯಿದೆಯೇ ಎಂದು ನೋಡುವುದನ್ನು. ಎರಡನ್ನೂ ಒಬ್ಬನೇ ಹುಡುಗನ ತಲೆಯಲ್ಲಿ, ಒಂದೇ ಕ್ಯಾಂಪಸ್ಸಿನಲ್ಲಿ ಕೂರಿಸಬೇಕು.

ಬೆಳಗಾವಿಯಿಂದ ಬೆಂಗಳೂರಿಗೆ: 83 ಮಹಿಳೆಯರು

ಈ ಶಾಲೆ ಹೆಚ್ಚು ಸುದ್ದಿಯಾದದ್ದು 2021ರ ಮೇ 8ರಂದು. ಅಲ್ಲಿಯವರೆಗೆ ಭಾರತೀಯ ಸೇನೆಯಲ್ಲಿ ಮಹಿಳೆಯರು ಅಧಿಕಾರಿಗಳಾಗಿದ್ದರು, ನರ್ಸ್‌ಗಳಾಗಿದ್ದರು. ಆದರೆ ಜವಾನರ ಸಾಲಿನಲ್ಲಿ ಇರಲಿಲ್ಲ. ಆ ಬಾಗಿಲು ಮೊದಲು ತೆರೆದದ್ದು ಮಿಲಿಟರಿ ಪೊಲೀಸ್‌ನಲ್ಲಿ. 2019ರಲ್ಲಿ ನೂರು ಹುದ್ದೆಗೆ ಅರ್ಜಿ ಕರೆದಾಗ ಸುಮಾರು ಎರಡು ಲಕ್ಷ ಹುಡುಗಿಯರು ಹೆಸರು ನೋಂದಾಯಿಸಿದರು. ಆ ವರ್ಷದ ಆಗಸ್ಟ್‌ನಲ್ಲಿ ನೇಮಕಾತಿ ರ‍್ಯಾಲಿ ನಡೆದ ಊರುಗಳಲ್ಲಿ ನಮ್ಮ ಬೆಳಗಾವಿಯೂ ಒಂದು. ಆಯ್ಕೆಯಾದವರ ತರಬೇತಿ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಅದು 61 ವಾರಗಳ ತರಬೇತಿ, ಮಧ್ಯೆ ಕೋವಿಡ್. ಕೊನೆಗೆ 83 ಮಹಿಳೆಯರು ದ್ರೋಣಾಚಾರ್ಯ ಪರೇಡ್ ಮೈದಾನದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಕೋವಿಡ್ ಕಾರಣಕ್ಕೆ ಸಮಾರಂಭ ಸರಳವಾಗಿತ್ತು. ಪರೇಡ್ ಪರಿಶೀಲಿಸಿದವರು ಶಾಲೆಯ ಕಮಾಂಡೆಂಟ್.

ಅವರು ಕಲಿತ ಪಟ್ಟಿ ನೋಡಿದರೆ ಶಾಲೆಯ ಉದ್ದೇಶ ಗೊತ್ತಾಗುತ್ತದೆ: ಮೂಲಭೂತ ಸೈನಿಕ ತರಬೇತಿ, ಪೊಲೀಸ್ ಕೆಲಸದ ಎಲ್ಲ ಅಂಗಗಳು, ಯುದ್ಧಕೈದಿಗಳ ನಿರ್ವಹಣೆ, ಎಲ್ಲ ಬಗೆಯ ವಾಹನಗಳ ಚಾಲನೆ ಮತ್ತು ದುರಸ್ತಿ, ಸಂವಹನ. ಮಹಿಳೆಯರೇ ಯಾಕೆ ಬೇಕಿತ್ತು ಎಂದು ಕೇಳುವವರಿಗೆ ಉತ್ತರ ಸುಲಭ. ಸೇನೆ ಹಳ್ಳಿಯೊಂದರಲ್ಲಿ ಶೋಧ ನಡೆಸುವಾಗ ಮನೆಯೊಳಗಿನ ಹೆಂಗಸರನ್ನು ತಪಾಸಣೆ ಮಾಡುವವರು ಯಾರು? ಮಹಿಳೆ ದೂರುದಾರಳಾಗಿರುವ ಪ್ರಕರಣದಲ್ಲಿ ಮೊದಲು ಮಾತಾಡಿಸುವವರು ಯಾರು? ಇದು ಸೇನೆಗೂ ಬೇಕಿತ್ತು, ಆ ಮನೆಯ ಹೆಂಗಸರಿಗೂ ಬೇಕಿತ್ತು.

2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಮಿಲಿಟರಿ ಪೊಲೀಸ್‌ಗೂ ಅಗ್ನಿವೀರರಾಗಿಯೇ ಸೇರಬೇಕು. ತರಬೇತಿಯೂ ಸೇರಿ ನಾಲ್ಕು ವರ್ಷ, ಆಮೇಲೆ ಹೆಚ್ಚೆಂದರೆ ಶೇ 25 ಮಂದಿ ಮುಂದುವರಿಯುತ್ತಾರೆ. ತಪ್ಪು ಮಾಡಿದ ಹಿರಿಯನನ್ನು ತಡೆದು ನಿಲ್ಲಿಸುವ ಧೈರ್ಯ ಅನುಭವದಿಂದ ಬರುವಂಥದ್ದು. ಅದಕ್ಕೆ ನಾಲ್ಕು ವರ್ಷ ಸಾಕೇ ಎಂಬ ಅನುಮಾನ ನಮಗಂತೂ ಇದೆ.

ಟ್ರಾಫಿಕ್ ನೋಡುವುದು ಸಣ್ಣ ಕೆಲಸವೇ?

‘ಸೇನೆಗೆ ಹೋಗಿ ಟ್ರಾಫಿಕ್ ನೋಡೋದಾ’ ಎಂಬ ಕುಹಕ ಇವರಿಗೆ ಹೊಸದಲ್ಲ. ಯುದ್ಧದ ಹೊತ್ತಿನಲ್ಲಿ ರಸ್ತೆ ಹೇಗಿರುತ್ತದೆಂದು ಊಹಿಸಿಕೊಳ್ಳಿ. ಒಂದೇ ಕಿರಿದಾದ ರಸ್ತೆ. ಮುಂದಕ್ಕೆ ಟ್ಯಾಂಕು, ಮದ್ದುಗುಂಡಿನ ಲಾರಿ, ಇಂಧನದ ಟ್ಯಾಂಕರ್. ಹಿಂದಕ್ಕೆ ಗಾಯಾಳುಗಳ ಆಂಬುಲೆನ್ಸ್, ಕೈದಿಗಳ ಗಾಡಿ, ಊರು ಬಿಟ್ಟು ಹೊರಟ ಜನ. ರಾತ್ರಿ, ದೀಪ ಹಾಕುವಂತಿಲ್ಲ. ಒಂದು ಕವಲಿನಲ್ಲಿ ಇಪ್ಪತ್ತು ಲಾರಿ ತಪ್ಪು ದಾರಿ ಹಿಡಿದರೆ ಮುಂದಿನ ತುಕಡಿಗೆ ಬೆಳಗಿನ ಹೊತ್ತಿಗೆ ಗುಂಡು ಸಿಗುವುದಿಲ್ಲ. ಆ ಕವಲಿನಲ್ಲಿ ನಕ್ಷೆ, ವಯರ್‌ಲೆಸ್ ಹಿಡಿದು ನಿಂತವನು ಮಿಲಿಟರಿ ಪೊಲೀಸ್. ಎದುರಿಗೆ ಯಾವ ದರ್ಜೆಯವರ ಜೀಪು ಬಂದರೂ ‘ಸರ್, ಮೊದಲು ಆಂಬುಲೆನ್ಸ್ ಹೋಗಲಿ’ ಎನ್ನಬೇಕಾದವನೂ ಅವನೇ.

ಕೈದಿಯ ಎದುರು

ಇಡೀ ಪಠ್ಯದಲ್ಲಿ ಹೆಚ್ಚು ಎಚ್ಚರ ಬೇಡುವ ಪಾಠ ಯುದ್ಧಕೈದಿಗಳದ್ದು. 1971ರ ಡಿಸೆಂಬರ್‌ನಲ್ಲಿ ಢಾಕಾ ಶರಣಾಗತಿಯ ನಂತರ ಸುಮಾರು 93,000 ಪಾಕಿಸ್ತಾನಿ ಸೈನಿಕರು ಮತ್ತು ನಾಗರಿಕರು ಭಾರತದ ವಶಕ್ಕೆ ಬಂದರು. ಅವರನ್ನು ಭಾರತದ ಶಿಬಿರಗಳಲ್ಲಿ ಇಟ್ಟು, ಒಪ್ಪಂದದ ನಂತರ 1974ರ ಹೊತ್ತಿಗೆ ವಾಪಸ್ ಕಳಿಸಲಾಯಿತು. ಅಷ್ಟು ಜನಕ್ಕೆ ಊಟ, ಔಷಧ, ಕಾಗದ ಪತ್ರ, ಕಾವಲು, ಎಲ್ಲವೂ 1949ರ ಮೂರನೇ ಜಿನೀವಾ ಒಪ್ಪಂದದ ಪ್ರಕಾರ ನಡೆಯಬೇಕಿತ್ತು. ಕೈದಿ ತನ್ನ ಹೆಸರು, ದರ್ಜೆ, ಹುಟ್ಟಿದ ದಿನ, ಸೈನಿಕ ಸಂಖ್ಯೆ ಇಷ್ಟು ಹೇಳಿದರೆ ಸಾಕು ಎಂಬುದು ಆ ಒಪ್ಪಂದದ 17ನೇ ವಿಧಿ.

ಈ ಪಾಠ ಕಲಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿಗೇ ಗೊತ್ತಿರುವ ಉದಾಹರಣೆ ಇರಾಕಿನ ಅಬು ಗ್ರೈಬ್ ಜೈಲು. 2003ರಲ್ಲಿ ಅಲ್ಲಿ ಕಾವಲಿದ್ದದ್ದು ಅಮೆರಿಕದ ಮಿಲಿಟರಿ ಪೊಲೀಸರು. ಕೈದಿಗಳನ್ನು ಬೆತ್ತಲೆ ಮಾಡಿ, ನಾಯಿ ಛೂ ಬಿಟ್ಟು, ನಗುತ್ತಾ ಫೋಟೊ ತೆಗೆಸಿಕೊಂಡರು. 2004ರ ಏಪ್ರಿಲ್‌ನಲ್ಲಿ ಆ ಫೋಟೊಗಳು ಟಿವಿಯಲ್ಲಿ ಬಂದವು. ಅಮೆರಿಕದ ಸೇನೆಯಲ್ಲಿ ಮಿಲಿಟರಿ ಪೊಲೀಸ್ ಶಾಲೆ ಇರಲಿಲ್ಲವೆಂದಲ್ಲ. 1941ರಿಂದಲೂ ಇದೆ, ಈಗ ಮಿಸೌರಿ ರಾಜ್ಯದ ಫೋರ್ಟ್ ಲೆನಾರ್ಡ್ ವುಡ್‌ನಲ್ಲಿದೆ. ಆದರೆ ತನಿಖೆ ನಡೆಸಿದ ಮೇಜರ್ ಜನರಲ್ ಆಂಟೋನಿಯೊ ಟಗೂಬಾ ಅವರ ವರದಿ ಹೇಳಿದ್ದು, ಅಲ್ಲಿಗೆ ಕಳಿಸಿದ 800ನೇ ಮಿಲಿಟರಿ ಪೊಲೀಸ್ ಬ್ರಿಗೇಡಿಗೆ ಜೈಲು ನಡೆಸಲು ಬೇಕಾದ ತರಬೇತಿಯೇ ಇರಲಿಲ್ಲ ಎಂದು. ಮೇಲಧಿಕಾರಿಗಳ ನಾಯಕತ್ವದ ವೈಫಲ್ಯವನ್ನೂ ವರದಿ ಎತ್ತಿ ಹೇಳಿತು. 11 ಸೈನಿಕರಿಗೆ ಶಿಕ್ಷೆಯಾಯಿತು. ಬ್ರಿಗೇಡಿನ ಮುಖ್ಯಸ್ಥೆ ಜಾನಿಸ್ ಕಾರ್ಪಿನ್‌ಸ್ಕಿ ಅವರನ್ನು ಬ್ರಿಗೇಡಿಯರ್ ಜನರಲ್ ದರ್ಜೆಯಿಂದ ಕರ್ನಲ್ ದರ್ಜೆಗೆ ಇಳಿಸಲಾಯಿತು.

ತರಬೇತಿ ಇರಲಿಲ್ಲ ಎಂಬುದನ್ನೇ ನೆಪ ಮಾಡಲೂ ಆಗುವುದಿಲ್ಲ. ಆ ಫೋಟೊಗಳ ಸಿ.ಡಿ.ಯನ್ನು ತನಿಖಾಧಿಕಾರಿಗಳಿಗೆ ತಲುಪಿಸಿದವನು ಜೋ ಡಾರ್ಬಿ. ಅವನೂ ಅದೇ ಮಿಲಿಟರಿ ಪೊಲೀಸ್ ಕಂಪನಿಯವನು, ಫೋಟೊದಲ್ಲಿದ್ದವರ ಜೊತೆಗಾರ.

ಅದೇ ಜಿನೀವಾ ಒಪ್ಪಂದದ 13ನೇ ವಿಧಿಗೆ ಬರೋಣ, ಯಾಕೆಂದರೆ ಇದು ಫೋನು ಹಿಡಿದಿರುವ ನಮಗೂ ತಾಗುತ್ತದೆ. ಯುದ್ಧಕೈದಿಯನ್ನು ಹಿಂಸೆ, ಬೆದರಿಕೆ, ಅವಮಾನದಿಂದ ಮಾತ್ರವಲ್ಲ, ‘ಸಾರ್ವಜನಿಕ ಕುತೂಹಲ’ದಿಂದಲೂ ಕಾಪಾಡಬೇಕು ಎನ್ನುತ್ತದೆ ಅದು. ಈ ಹೊಣೆ ಕೈದಿಯನ್ನು ವಶದಲ್ಲಿಟ್ಟುಕೊಂಡ ದೇಶದ್ದು. ಜನರು ಸುತ್ತುವರಿದು ನೋಡಲು, ಕ್ಯಾಮೆರಾ ಹಿಡಿಯಲು ಬಿಡದಿರುವುದು ಕಾವಲಿನ ಸೈನಿಕನ ಕೆಲಸದ ಭಾಗ. 2019ರ ಫೆಬ್ರುವರಿ 27ರಂದು ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಪಾಕಿಸ್ತಾನದ ವಶವಾದಾಗ, ರಕ್ತಸಿಕ್ತ ಮುಖದ, ಕಣ್ಣಿಗೆ ಬಟ್ಟೆ ಕಟ್ಟಿದ ವಿಡಿಯೊ ಹೊರಬಂತು. ಗಾಯಗೊಂಡ ಸೈನಿಕನನ್ನು ಹೀಗೆ ಪ್ರದರ್ಶಿಸುವುದು ಜಿನೀವಾ ಒಪ್ಪಂದದ ಉಲ್ಲಂಘನೆ ಎಂದು ಭಾರತ ಸರ್ಕಾರ ಅದೇ ದಿನ ಪ್ರತಿಭಟಿಸಿತು. ಅದೇ ದಿನ ಆ ವಿಡಿಯೊವನ್ನು, ‘ನಮ್ಮ ಹೀರೋಗಾಗಿ ಪ್ರಾರ್ಥಿಸಿ’ ಎಂಬ ಸಾಲು ಸೇರಿಸಿ, ನಾವೇ ಗ್ರೂಪಿನಿಂದ ಗ್ರೂಪಿಗೆ ದಾಟಿಸಿದೆವು. ಮಾರ್ಚ್ 1ರ ರಾತ್ರಿ ಅವರು ವಾಘಾ ಗಡಿ ದಾಟಿ ಬಂದರು. ಆ ವಿಡಿಯೊ ಈಗಲೂ ಎಷ್ಟೋ ಫೋನುಗಳ ಗ್ಯಾಲರಿಯಲ್ಲಿದೆ.