ಜೀರ್ಣೋದ್ಧಾರವೆಂಬ ಪದ ಮತ್ತು ಕಚ್ಛದ ಭೂಕಂಪಗಳು

1819ರ ಜೂನ್ 16ರಂದು ಕಚ್ಛದಲ್ಲಿ ಸಂಭವಿಸಿದ ಮಹಾಭೂಕಂಪದ ಪ್ರಮುಖ ವರದಿಯನ್ನು ಪ್ರಕಟಿಸಿದ್ದು ಮುಂಬಯಿಯ ಲಿಟರರಿ ಸೊಸೈಟಿ. ಅದನ್ನು ಬರೆದವನು ಭುಜ್‌ನಲ್ಲಿ ಕಂಪನಿ ಸರ್ಕಾರದ ಪ್ರತಿನಿಧಿಯಾಗಿದ್ದ ಜೇಮ್ಸ್ ಮ್ಯಾಕ್‌ಮರ್ಡೊ. ಸಾಹಿತ್ಯ ಸಂಘವೊಂದು ನೆಲದ ನಡುಕವನ್ನು ತನ್ನ ವಿಷಯವೆಂದು ಬಗೆದಿದ್ದ ಕಾಲವದು. ಇಂದು ಶಾಸನ ಮತ್ತು ಕಾವ್ಯಗಳ ಅಧ್ಯಯನಕಾರರು ಭೂಕಂಪದ ಚರಿತ್ರೆಯನ್ನು ಸಂಪೂರ್ಣವಾಗಿ ಭೂವಿಜ್ಞಾನಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ಇದರಿಂದ ಎರಡೂ ಕ್ಷೇತ್ರಗಳಿಗೆ ನಷ್ಟವಾಗಿದೆ.

ಕಚ್ಛದ ಭೂರಚನೆ ಸರಳವಾದುದಲ್ಲ. ಭೂಫಲಕದ ಅಂಚು ಅಲ್ಲಿಂದ ಪಶ್ಚಿಮಕ್ಕೆ ನೂರಾರು ಕಿಲೋಮೀಟರ್ ದೂರದಲ್ಲಿದೆ. ಆದರೂ ಕೋಟ್ಯಂತರ ವರ್ಷಗಳ ಹಿಂದೆ ನೆಲ ಹಿಗ್ಗಿ ಸೀಳಿದಾಗ ಉಂಟಾದ ಸ್ತರಭಂಗಗಳು ಇಂದು ಅದುಮುವ ಒತ್ತಡಕ್ಕೆ ಸಿಲುಕಿ ಮತ್ತೆ ಸರಿಯುತ್ತಿವೆ. 1819ರ ಬಳಿಕ 1956ರಲ್ಲಿ ಅಂಜಾರ್ ನಲುಗಿತು. 2001ರ ಜನವರಿ 26ರಂದು 7.7 ಪ್ರಮಾಣದ ಕಂಪನಕ್ಕೆ ಸಾವಿರಾರು ಜನ ಬಲಿಯಾದರು. ಇವು ಒಂದೇ ಬಿರುಕಿನ ಪುನರಾವರ್ತನೆಗಳಲ್ಲ. 1819ರಲ್ಲಿ ನೆಲವೇ ದಿಬ್ಬವಾಗಿ ಎದ್ದಿತ್ತು. 2001ರಲ್ಲಿ ಸ್ತರಭಂಗದ ಸರಿತ ನೆಲದ ಮೇಲೆ ಸ್ಪಷ್ಟವಾಗಿ ಕಾಣಿಸಿಕೊಳ್ಳಲೇ ಇಲ್ಲ. ಅನುಕಂಪನಗಳು ಮಾತ್ರ ವರ್ಷಗಟ್ಟಲೆ ಮುಂದುವರಿದವು.

1819ರಲ್ಲಿ ಎದ್ದ ದಿಬ್ಬದ ಉದ್ದ ಸುಮಾರು 80 ಕಿಲೋಮೀಟರ್. ಅದರ ದಕ್ಷಿಣಕ್ಕಿದ್ದ ಸಿಂಧ್ರಿ ಕೋಟೆಯ ಸುತ್ತಲ ನೆಲ ಕುಸಿದು ಜಲಾವೃತವಾಯಿತು. ಚಾರ್ಲ್ಸ್ ಲಯೆಲ್ ಅದನ್ನು ತನ್ನ ಭೂವಿಜ್ಞಾನ ಗ್ರಂಥದಲ್ಲಿ ಉದಾಹರಿಸಿದ್ದರಿಂದ ಸಿಂಧ್ರಿ ಯುರೋಪಿನಲ್ಲೂ ಪ್ರಸಿದ್ಧವಾಯಿತು. ಆದರೆ ಸ್ಥಳೀಯರು ದಿಬ್ಬಕ್ಕಿಟ್ಟ ಹೆಸರು ಇನ್ನೂ ಅರ್ಥಪೂರ್ಣ: ಅಲ್ಲಾ ಬಂದ್, ಅಂದರೆ ದೇವರು ಕಟ್ಟಿದ ಒಡ್ಡು. ಸಿಂಧೂ ನದಿಯ ಪೂರ್ವದ ಕವಲಿಗೆ ಸಿಂಧ್‌ನ ಅರಸರು ಅದಕ್ಕೂ ಮೊದಲೇ ಒಡ್ಡು ಕಟ್ಟಿದ್ದರು. ಮನುಷ್ಯರು ಕಟ್ಟಿದ್ದರಿಂದ ಇದನ್ನು ಬೇರ್ಪಡಿಸಬೇಕಾಗಿತ್ತು. ಸ್ಥಳನಾಮವೊಂದು ಇಷ್ಟು ಖಚಿತವಾದ ದಾಖಲೆಯಾಗಿ ಉಳಿದಿರುವ ನಿದರ್ಶನಗಳು ವಿರಳ.

ಅದಕ್ಕಿಂತ ಹಿಂದಕ್ಕೆ ಹೋದರೆ ಕಾವ್ಯಗಳು ಹೆಚ್ಚೇನನ್ನೂ ಹೇಳುವುದಿಲ್ಲ. ಕಚ್ಛದ ಭದ್ರೇಶ್ವರದ ಜೈನ ವಣಿಕ ಜಗಡೂಶಾಹನನ್ನು ಕುರಿತ ಸರ್ವಾನಂದಸೂರಿಯ ‘ಜಗಡೂಚರಿತ’ ಹದಿಮೂರನೆಯ ಶತಮಾನದ ಘೋರ ಕ್ಷಾಮವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಕ್ಷಾಮಕ್ಕೆ ಕಣಜ ತೆರೆಯುವ ದಾನಿಯಿದ್ದಾನೆ, ಯುದ್ಧಕ್ಕೆ ಕೋಟೆ ಕಾಯುವ ವೀರನಿದ್ದಾನೆ. ಕ್ಷಣಾರ್ಧದಲ್ಲಿ ಮುಗಿಯುವ ಭೂಕಂಪದಲ್ಲಿ ಚರಿತಕಾವ್ಯದ ನಾಯಕನಿಗೆ ಮಾಡಲು ಏನೂ ಇಲ್ಲ. ಅವನ ಕೆಲಸ ಆರಂಭವಾಗುವುದು ಅನಂತರ, ಬಿದ್ದುದನ್ನು ಎತ್ತಿ ನಿಲ್ಲಿಸುವಾಗ. ಆ ಕೆಲಸಕ್ಕೆ ಶಾಸನಗಳಲ್ಲಿ ಇರುವ ಪದ ಜೀರ್ಣೋದ್ಧಾರ.

ಈ ಪದ ಕಾರಣವನ್ನು ಮರೆಮಾಚುತ್ತದೆ. ಬಸದಿಯ ಶಿಖರ ಮಳೆಗಾಳಿಗೆ ಸವೆದಿರಬಹುದು, ದಾಳಿಗೆ ಉರುಳಿರಬಹುದು, ನೆಲ ಅದುರಿ ಕುಸಿದಿರಬಹುದು. ಮೂರಕ್ಕೂ ಒಂದೇ ಪದ. ಭಗ್ನ ಶಿಲ್ಪ ಕಂಡೊಡನೆ ದಾಳಿಕಾರನ ಹೆಸರು ಹೇಳುವ ರೂಢಿ ಸಂಶೋಧನೆಯಲ್ಲೂ ಬೇರೂರಿದೆ. ದಾಳಿಗಳು ನಡೆದಿವೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಸಾಕ್ಷ್ಯವಿಲ್ಲದ ಆರೋಪ ಚರಿತ್ರೆಯಾಗದು. ಅಹಮದಾಬಾದಿನ ಜಾಮಾ ಮಸೀದಿಯ ಮಿನಾರುಗಳು ಮುರಿದದ್ದು 1819ರ ಕಂಪನದಿಂದ. ಆ ವರ್ಷದ ದಾಖಲೆ ಉಳಿಯದೇ ಹೋಗಿದ್ದರೆ ಆ ಮಿನಾರುಗಳಿಗೂ ಯಾವುದಾದರೂ ಯುದ್ಧದ ಕಥೆ ಹುಟ್ಟಿಕೊಳ್ಳುತ್ತಿತ್ತು.

ಇದಕ್ಕೆ ವಿರುದ್ಧವಾದ ಅತ್ಯುತ್ಸಾಹವೂ ಬೇಡ. ಶ್ವೇತಾಂಬರ ಆಗಮವಾದ ‘ಸ್ಥಾನಾಂಗ’ವು ಭೂಮಿಯ ಒಂದು ಭಾಗದ ಕಂಪನಕ್ಕೂ ಇಡೀ ಭೂಮಿಯ ಕಂಪನಕ್ಕೂ ಬೇರೆ ಬೇರೆ ಕಾರಣಗಳನ್ನು ಹೇಳುತ್ತದೆ. ಆ ವರ್ಗೀಕರಣ ಸೂಕ್ಷ್ಮವಾದುದೇ. ಆದರೆ ಅದರಲ್ಲಿ ಆಧುನಿಕ ಭೂಕಂಪಶಾಸ್ತ್ರವನ್ನು ಕಾಣುವುದು ಆಗಮಕ್ಕೂ ವಿಜ್ಞಾನಕ್ಕೂ ಮಾಡುವ ಅಪಚಾರ.

ಮಾಡಬಹುದಾದ ಕೆಲಸ ಸರಳ, ಶ್ರಮದಾಯಕ. ಗುಜರಾತಿನ ಪ್ರತಿಮಾಲೇಖ ಮತ್ತು ಶಾಸನ ಸಂಪುಟಗಳಲ್ಲಿರುವ ಜೀರ್ಣೋದ್ಧಾರದ ಉಲ್ಲೇಖಗಳನ್ನು ಸ್ಥಳ, ಕಾಲಗಳಿಗನುಸಾರ ಜೋಡಿಸಬೇಕು. ಒಂದೂರಿನ ಒಂದು ದುರಸ್ತಿಯಿಂದ ಏನೂ ಸಿದ್ಧವಾಗದು. ಆದರೆ ಹತ್ತಿಪ್ಪತ್ತು ವರ್ಷಗಳ ಅಂತರದಲ್ಲಿ ದೂರದೂರದ ಊರುಗಳ ಬಸದಿ, ಮಂದಿರ, ಮಸೀದಿ, ಕೋಟೆಗೋಡೆಗಳು ಒಟ್ಟಿಗೆ ದುರಸ್ತಿಗೊಂಡಿದ್ದರೆ, ಆ ಕಾಲದಲ್ಲಿ ದಾಳಿಯ ದಾಖಲೆಯೂ ಇಲ್ಲದಿದ್ದರೆ, ಕಂದಕ ತೋಡಿ ಹಳೆಯ ಬಿರುಕಿನ ಕಾಲವನ್ನು ಅಳೆಯುವ ಭೂವಿಜ್ಞಾನಿಗೆ ಅದು ಮುಖ್ಯವಾದ ಸುಳಿವು. 2001ರಲ್ಲಿ ಜರ್ಝರಿತವಾದ ಭದ್ರೇಶ್ವರದ ಜಿನಾಲಯ ಮತ್ತೆ ಎದ್ದು ನಿಂತಿದೆ. ಅದಕ್ಕೂ ಬಳಕೆಯಾಗಿರುವ ಪದ ಜೀರ್ಣೋದ್ಧಾರವೇ.